ವಾದ್ಯ ರಿಪೇರಿಗೆ ಹೋಗಿದೆ, ಸಾಧಕ ನಿಲ್ಲಬಾರದು

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ವರದಹಳ್ಳಿಯ ಸುತ್ತಲಿನ ಗುಡ್ಡಗಳು ದಿನಗಟ್ಟಲೆ ಮುಖ ತೋರಿಸುವುದಿಲ್ಲ. ಸಾಗರ ಪೇಟೆಯಿಂದ ಏಳೆಂಟು ಕಿಲೋಮೀಟರು ದೂರದ ಈ ಊರಿನಲ್ಲಿ ಶ್ರೀಧರ ಸ್ವಾಮಿಗಳ ಆಶ್ರಮದ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಅಡಿಕೆ ತೋಟದವರು ಕೊಳೆ ಔಷಧಿ ಹೊಡೆಯಲು ಒಂದು ಹೊಳವಿಗಾಗಿ ಆಕಾಶ ನೋಡುತ್ತಾರೆ. ಮದುವೆ-ಮುಂಜಿಗಳಿಗೆ ಆಷಾಢದ ತಡೆ. ವಾಲಗದವರಿಗೆ, ಸ್ಯಾಕ್ಸೊಫೋನ್ ನುಡಿಸುವವರಿಗೆ ವರ್ಷದಲ್ಲಿ ಸಿಗುವ ದೊಡ್ಡ ಬಿಡುವು ಇದೇ. ಹಾಗಾಗಿ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ರಿಪೇರಿಗೆ ಕಳಿಸುವ ಕಾಲವೂ ಇದೇ.

ಕಳಿಸುವುದು ಎಂದರೆ ದೂರ ಕಳಿಸುವುದು. ಸ್ಯಾಕ್ಸೊಫೋನ್ ಆದರೆ ಘಟ್ಟ ಇಳಿದು ಮಂಗಳೂರಿನ ಕಡೆಗೋ ಬೆಂಗಳೂರಿಗೋ ಹೋಗಬೇಕು. ನಾಗಸ್ವರವಾದರೆ ತಮಿಳುನಾಡಿನ ಕುಂಭಕೋಣದ ಹತ್ತಿರದ ನರಸಿಂಗಪೇಟೆಯ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಅಲ್ಲಿನ ಕುಶಲಕರ್ಮಿಗಳು ಹಳೆಯ ಮನೆಗಳಿಂದ ತೆಗೆದ ಆಚಾ ಮರವನ್ನು, ಅಂದರೆ ನಮ್ಮ ಬಯಲುಸೀಮೆಯಲ್ಲಿ ಕಮರ ಎನ್ನುವ ಮರವನ್ನು, ಕಡೆದು ನಾಗಸ್ವರ ಮಾಡುತ್ತಾರೆ. 2022ರಲ್ಲಿ ಆ ಊರಿನ ನಾಗಸ್ವರಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಇಷ್ಟು ದೂರ ಹೋದ ವಾದ್ಯ ಹೇಳಿದ ದಿನಕ್ಕೆ ವಾಪಸು ಬರುತ್ತದೆ ಎಂಬ ಖಾತ್ರಿ ಇಲ್ಲ. ಪ್ಯಾಡ್ ಸಿಗಬೇಕು, ಮರ ಒಣಗಬೇಕು, ಕೆಲಸದವರ ಸರದಿ ಬರಬೇಕು.

ಅಷ್ಟು ದಿನ ಕಲಾವಿದ ಏನು ಮಾಡಬೇಕು? ನಮ್ಮ ಕಡೆ ಹೆಚ್ಚಿನವರ ಉತ್ತರ ‘ಏನು ಮಾಡಲಿಕ್ಕೆ ಆಗ್ತದೆ, ವಾದ್ಯವೇ ಇಲ್ಲವಲ್ಲ’ ಎಂದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಊದುವ ವಾದ್ಯದ ಅರ್ಧ ಭಾಗ ಮಾತ್ರ ಮರ ಅಥವಾ ಹಿತ್ತಾಳೆ. ಉಳಿದರ್ಧ ನುಡಿಸುವವನ ತುಟಿ, ಕೆನ್ನೆ, ಎದೆ, ಹೊಟ್ಟೆ ಮತ್ತು ಕಿವಿ. ಆ ಅರ್ಧವನ್ನು ಯಾರೂ ರಿಪೇರಿಗೆ ಕಳಿಸಿಲ್ಲ. ಅದು ಮನೆಯಲ್ಲೇ ಇದೆ, ಮತ್ತು ಕೆಲಸ ಕೊಡದಿದ್ದರೆ ಮನೆಯಲ್ಲೇ ಕೆಡುತ್ತದೆ.

ಅಡಿಕೆ ಮರ ಹತ್ತುವ ಕೊನೆಗೌಡನನ್ನು ನೋಡಿ. ಅಡಿಕೆ ಕೊಯ್ಲು ಶುರುವಾಗುವುದು ಮಳೆಗಾಲ ಕಳೆದ ಮೇಲೆ. ಆದರೆ ಮಳೆಗಾಲದಲ್ಲಿ ಔಷಧಿ ಹೊಡೆಯಲು ಅವನು ಮರ ಹತ್ತುತ್ತಲೇ ಇರುತ್ತಾನೆ. ಕೊಯ್ಲಿನ ಮೊದಲ ದಿನ ಅವನ ಕಾಲು ನಡುಗದಿರುವುದು ಅದರಿಂದಲೇ.

ದೀಪ ಹಾಕಿ ನೋಡುವುದು

ಮಲೆನಾಡಿನ ಮಳೆ ಊದುವ ವಾದ್ಯಗಳಿಗೆ ಎಷ್ಟು ಕಷ್ಟ ಕೊಡುತ್ತದೆ ಎಂಬುದು ಬಯಲುಸೀಮೆಯವರಿಗೆ ಅಂದಾಜಾಗುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆಯ ಕಡೆಯೂ ಕಡಿಮೆಯೇನಲ್ಲ. ಕಪಾಟಿನೊಳಗಿನ ಚಪ್ಪಲಿಗೆ, ಪುಸ್ತಕಕ್ಕೆ ಬೂಸ್ಟು ಬರುವ ಊರುಗಳಿವು. ಹೀಗಿರುವಾಗ ಚರ್ಮ, ಕಾರ್ಕ್, ಉಕ್ಕಿನ ಸ್ಪ್ರಿಂಗುಗಳಿಂದ ಕೂಡಿದ ಸ್ಯಾಕ್ಸೊಫೋನ್ ಸುಮ್ಮನೆ ಪೆಟ್ಟಿಗೆಯಲ್ಲಿದ್ದರೂ ಹಾಳಾಗುತ್ತದೆ. ಅದರ ರಂಧ್ರಗಳನ್ನು ಮುಚ್ಚುವ ಪ್ಯಾಡುಗಳು ಇಪ್ಪತ್ತಕ್ಕೂ ಹೆಚ್ಚು. ಒಳಗೆ ಉಣ್ಣೆಯ ಫೆಲ್ಟ್, ಮೇಲೆ ತೆಳು ಚರ್ಮ. ಚರ್ಮ ಥಂಡಿ ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಸಾಗುತ್ತದೆ, ಹೀಗೆ ನಾಲ್ಕಾರು ಸಲ ಆದ ಮೇಲೆ ರಂಧ್ರದ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಂದಿಯಿಂದ ಗಾಳಿ ಸೋರುತ್ತದೆ.

ಆ ಸೋರಿಕೆಯನ್ನು ಕಂಡುಹಿಡಿಯುವ ಕ್ರಮವನ್ನು ಒಮ್ಮೆಯಾದರೂ ಎದುರಿಗೆ ಕೂತು ನೋಡಬೇಕು. ರಿಪೇರಿ ಮಾಡುವವರು ಕೋಣೆ ಕತ್ತಲು ಮಾಡಿ, ಸಣ್ಣ ದೀಪವೊಂದನ್ನು ತಂತಿಯ ತುದಿಯಲ್ಲಿ ಕೊಳವೆಯೊಳಗೆ ಇಳಿಬಿಡುತ್ತಾರೆ. ಒಂದೊಂದೇ ಕೀಲಿಯನ್ನು ಮೆಲ್ಲಗೆ ಒತ್ತಿ, ಪ್ಯಾಡಿನ ಸುತ್ತ ಕಣ್ಣು ಹಾಯಿಸುತ್ತಾರೆ. ಎಲ್ಲಿ ಬೆಳಕಿನ ಎಳೆ ಹೊರಗೆ ಬರುತ್ತದೋ ಅಲ್ಲಿ ಸ್ವರ ಸೋರುತ್ತಿದೆ ಎಂದರ್ಥ. ಆಮೇಲೆ ಹಳೆಯ ಪ್ಯಾಡು ಬಿಡಿಸಿ, ಬಟ್ಟಲನ್ನು ಬಿಸಿ ಮಾಡಿ, ಅರಗು ಕರಗಿಸಿ, ಹೊಸ ಪ್ಯಾಡನ್ನು ಕೂರಿಸಿ, ಮತ್ತೆ ದೀಪ ಹಾಕಿ ನೋಡುತ್ತಾರೆ. ಒಂದು ಪ್ಯಾಡಿಗೇ ಎಷ್ಟೋ ಹೊತ್ತು ಹಿಡಿಯುತ್ತದೆ. ವಾದ್ಯ ಬೇಗ ಕೊಡಲಿಲ್ಲ ಎಂದು ಸಿಟ್ಟಾಗುವವರು ಈ ಕೆಲಸ ನೋಡಿದರೆ ಸಿಟ್ಟು ಇಳಿಯುತ್ತದೆ.

ಸೋರುವ ವಾದ್ಯದಲ್ಲಿ ನುಡಿಸುತ್ತಾ ಇರುವುದಕ್ಕಿಂತ ವಾದ್ಯವಿಲ್ಲದೆ ಇರುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಗಾಳಿ ಸೋರಿದಷ್ಟೂ ನುಡಿಸುವವನು ತುಟಿ ಬಿಗಿ ಮಾಡುತ್ತಾನೆ, ಕೀಲಿಯನ್ನು ಬಲವಾಗಿ ಒತ್ತುತ್ತಾನೆ, ಹಲ್ಲು ಕಚ್ಚುತ್ತಾನೆ. ವಾದ್ಯ ಸರಿಯಾಗಿ ಬಂದ ಮೇಲೂ ಆ ಕೆಟ್ಟ ಹಿಡಿತ ಹೋಗುವುದಿಲ್ಲ. ಹೇಗೋ ಸುಧಾರಿಸಿಕೊಂಡು ಇನ್ನೊಂದು ಸೀಸನ್ ತಳ್ಳೋಣ ಎನ್ನುವವರು ಯೋಚಿಸಬೇಕಾದ ಮಾತಿದು.

ಬಿದಿರಿನ ಕೊಳಲಿನ ಕತೆ ಬೇರೆ. ಅದಕ್ಕೆ ಕೀಲಿಯಿಲ್ಲ, ಸ್ಪ್ರಿಂಗಿಲ್ಲ. ಅದರ ಶತ್ರು ಹವೆಯ ಏರಿಳಿತ. ಬೂಸ್ಟು ಹಿಡಿಯಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿಸಿಗೆ ಒಣಗಿ ಸೀಳುತ್ತದೆ. ಸೀಳು ಬಿಟ್ಟ ಕೊಳಲಿಗೆ ಅಂಟು ತುಂಬಿ ದಾರ ಬಿಗಿದು ಸುತ್ತುವುದುಂಟು. ಚೆನ್ನಾಗಿ ಸುತ್ತಿದರೆ ವರ್ಷಗಟ್ಟಲೆ ಬಾಳುತ್ತದೆ.

ಬಾಯಿ ಮನೆಯಲ್ಲೇ ಇರಲಿ

ನುಡಿಸುವುದು ನಿಂತಾಗ ಮೊದಲು ಸೋಲುವುದು ತುಟಿ. ಬಾಯಿಯ ಸುತ್ತ ಬಳೆಯಂತೆ ಇರುವ ಸ್ನಾಯು, ಕೆನ್ನೆಯನ್ನು ಒಳಗಿನಿಂದ ಹಿಡಿದಿಡುವ ಸ್ನಾಯು, ಇವೆರಡೂ ಸಣ್ಣವು. ಮಾತಿಗೆ, ಊಟಕ್ಕೆ ಬೇಕಾದಷ್ಟು ಕೆಲಸ ಅವಕ್ಕೆ ದಿನವೂ ಸಿಗುತ್ತದೆ. ಆದರೆ ಗಂಟೆಗಟ್ಟಲೆ ಒಂದೇ ಬಿಗಿಯಲ್ಲಿ ನಿಲ್ಲುವ ಶಕ್ತಿ ಅಭ್ಯಾಸದಿಂದ ಮಾತ್ರ ಬರುವಂಥದ್ದು, ಅಭ್ಯಾಸ ತಪ್ಪಿದರೆ ಬೇಗ ಹೋಗುವಂಥದ್ದು. ಬೆರಳು ಅಷ್ಟು ಬೇಗ ಮರೆಯುವುದಿಲ್ಲ. ಉಸಿರು ನಡುವೆ ಎಲ್ಲೋ ನಿಲ್ಲುತ್ತದೆ. ರಾಗ ಎಲ್ಲಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಹೀಗಾಗಿ ಕಾಳಜಿಯೂ ಈ ಕ್ರಮದಲ್ಲೇ ಇರಬೇಕು: ತುಟಿಗೆ ದಿನವೂ ಕೆಲಸ ಕೊಡಬೇಕು.

ಇದಕ್ಕೆ ಅತಿ ಸುಲಭದ ಉಪಾಯ ಒಂದಿದೆ, ಬಹಳ ಜನ ಅದನ್ನು ಮಾಡುವುದಿಲ್ಲ. ಮೈಯನ್ನು ರಿಪೇರಿಗೆ ಕಳಿಸಿ, ಬಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ನಾಗಸ್ವರಕ್ಕೆ ದಾರದಲ್ಲಿ ಒಂದು ಗೊಂಚಲು ನೇತಾಡುತ್ತಿರುತ್ತದೆ. ನೋಡುವವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಅದು ಅಲಂಕಾರವಲ್ಲ. ಅದರಲ್ಲಿ ಬದಲಿ ಸೀವಾಳಿಗಳಿರುತ್ತವೆ, ಸೀವಾಳಿಯ ಬಾಯಿ ಬಿಡಿಸಲು ಒಂದು ಸೂಜಿ ಇರುತ್ತದೆ. ಸೀವಾಳಿ ಎಂದರೆ ಹೊಳೆಯಂಚಿನಲ್ಲಿ ಬೆಳೆಯುವ ಜೊಂಡಿನ ಜಾತಿಯ ಹುಲ್ಲಿನಿಂದ ಮಾಡಿದ ಜೋಡಿ ನಾಲಗೆ. ನಾಗಸ್ವರದ ಅಷ್ಟು ದೊಡ್ಡ ನಾದ ಹುಟ್ಟುವುದು ಅಲ್ಲೇ. ವಾದ್ಯ ಕಳಿಸುವಾಗ ಈ ಗೊಂಚಲನ್ನು ಬಿಚ್ಚಿ ಇಟ್ಟುಕೊಂಡರೆ ಸಾಕು. ದಿನವೂ ಬೆಳಿಗ್ಗೆ ಸೀವಾಳಿಯನ್ನು ಬಾಯಲ್ಲಿ ನೆನೆಸಿ, ಅದನ್ನಷ್ಟೇ ಊದಬಹುದು. ಬರುವ ಸದ್ದು ಕೇಳಲು ಚೆಂದವಿಲ್ಲ. ಆದರೆ ತುಟಿ ಸ್ವಲ್ಪ ಬಿಗಿದರೆ ಅದು ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅದನ್ನು ಏರಲೂ ಬಿಡದೆ ಇಳಿಯಲೂ ಬಿಡದೆ ಒಂದೇ ಎತ್ತರದಲ್ಲಿ ಹಿಡಿದು ನಿಲ್ಲಿಸುವುದೇ ಸಾಧಕ. ಶ್ರುತಿ ಪೆಟ್ಟಿಗೆ ಹಾಕಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಸ್ಯಾಕ್ಸೊಫೋನಿನವರಿಗೆ ಇದು ಇನ್ನೂ ಖಚಿತವಾದ ಲೆಕ್ಕ. ಆಲ್ಟೊ ಸ್ಯಾಕ್ಸೊಫೋನಿನ ಮೌತ್‌ಪೀಸ್ ಒಂದನ್ನೇ ಊದಿದರೆ ಸರಿಯಾದ ಹಿಡಿತವಿರುವವರಿಗೆ 880 ಹರ್ಟ್ಜ್‌ನ ಆಸುಪಾಸಿನ ಸ್ವರ ಬರುತ್ತದೆ. ಅದಕ್ಕಿಂತ ಬಹಳ ಮೇಲೆ ಬಂದರೆ ಹಲ್ಲು ಕಚ್ಚುತ್ತಿದ್ದೀರಿ ಎಂದರ್ಥ, ಬಹಳ ಕೆಳಗೆ ಹೋದರೆ ತುಟಿ ಸೋತಿದೆ ಎಂದರ್ಥ. ಈಗ ಫೋನಿನಲ್ಲೇ ಶ್ರುತಿ ತೋರಿಸುವ ಆ್ಯಪ್‌ಗಳಿವೆ. ಮುಳ್ಳು ಅಲುಗದಂತೆ ಒಂದು ಉಸಿರು ಪೂರ್ತಿ ಹಿಡಿದು ನೋಡಿ. ಮೌತ್‌ಪೀಸ್ ಕೂರುವ ಕುತ್ತಿಗೆಯ ಕಾರ್ಕ್ ಬದಲಿಸಬೇಕಿಲ್ಲದಿದ್ದರೆ ಕುತ್ತಿಗೆಯನ್ನೂ ಇಟ್ಟುಕೊಳ್ಳಬಹುದು. ನಾಲಗೆಯ ಕೆಲಸಕ್ಕೂ ಇಷ್ಟು ಸಾಕು. ನಾಗಸ್ವರದವರು ತುತ್ತುಕಾರ ಎನ್ನುವ ನಾಲಗೆಯ ಪೆಟ್ಟುಗಳನ್ನು ಬರೀ ಸೀವಾಳಿಯಲ್ಲೇ, ಅದೂ ಇಲ್ಲವಾದರೆ ಬಾಯಲ್ಲೇ, ಮೂರು ಕಾಲಗಳಲ್ಲಿ ಹೇಳಿಕೊಳ್ಳಬಹುದು.

ಇದಾವುದೂ ಕೈಯಲ್ಲಿಲ್ಲದವರಿಗೆ ಪೆನ್ಸಿಲ್ ಇದೆ. ಪೆನ್ಸಿಲಿನ ತುದಿಯನ್ನು ಹಲ್ಲಿಗೆ ತಾಗಿಸದೆ ತುಟಿಗಳ ನಡುವೆ ಹಿಡಿದು, ಅದು ಬಾಗದೆ ನೇರ ಮುಂದಕ್ಕೆ ಚಾಚಿರುವಂತೆ ನಿಲ್ಲಿಸುವುದು. ಮಾಡಿ ನೋಡದವರಿಗೆ ಇದು ಮಕ್ಕಳಾಟದಂತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೇ ಬಾಯಿಯ ಮೂಲೆಗಳು ಉರಿಯತೊಡಗಿದಾಗ, ತಾಸುಗಟ್ಟಲೆ ವಾಲಗ ಊದುವವರ ಮುಖದಲ್ಲಿ ಎಂಥ ಕೆಲಸ ನಡೆಯುತ್ತಿರುತ್ತದೆ ಎಂದು ಗೊತ್ತಾಗುತ್ತದೆ. ಉರಿ ಬಂದ ಕೂಡಲೇ ಬಿಡಬೇಕು. ದಣಿದ ತುಟಿಯನ್ನು ಹಠಕ್ಕೆ ಬಿದ್ದು ದುಡಿಸುವುದರಿಂದ ಲಾಭವಿಲ್ಲ.

ಬಾಯಿಯ ವಿಷಯ ಬಂದಾಗ ಅಡಿಕೆ ಸೀಮೆಯಲ್ಲಿ ಹೇಳಲು ಕಷ್ಟವಾದ ಒಂದು ಮಾತನ್ನು ಹೇಳಲೇಬೇಕು. ಕೆಲಸವಿಲ್ಲದ ಮಳೆಗಾಲದಲ್ಲಿ ಕವಳ ಹೆಚ್ಚಾಗುತ್ತದೆ, ಜಗಲಿಯಲ್ಲಿ ಕೂತರೆ ತಟ್ಟೆ ಎದುರಿಗೇ ಇರುತ್ತದೆ. ಗುಟ್ಕಾ ಹಾಕುವವರ ಪಾಡು ಇನ್ನೂ ಕೆಟ್ಟದು. ಅಡಿಕೆಯನ್ನು ಸದಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ, ಬಾಯಿ ಪೂರ್ತಿ ತೆರೆಯಲಾಗದ ಕಾಯಿಲೆ ಬರುತ್ತದೆ ಎಂಬುದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ನಮ್ಮ ಬೆಳೆಗಾರರು ಅದನ್ನು ಒಪ್ಪುವುದಿಲ್ಲ, ಆ ವಾದ ನಡೆಯುತ್ತಲೇ ಇದೆ. ನಾನು ಇಲ್ಲಿ ಹೇಳುತ್ತಿರುವುದು ಬೆಳೆಗಾರರಿಗಲ್ಲ, ಊದುವವರಿಗೆ. ಕೆನ್ನೆ ಗಡುಸಾದ ಮೇಲೆ ಯಾವ ರಿಪೇರಿ ಅಂಗಡಿಯೂ ಅದನ್ನು ಸರಿಮಾಡಿ ಕೊಡುವುದಿಲ್ಲ. ಕವಳ ಬಿಡಲು, ಹಾಳಾದ ಹಲ್ಲನ್ನು ವೈದ್ಯರಿಗೆ ತೋರಿಸಲು ವಾದ್ಯ ಕೈಯಲ್ಲಿಲ್ಲದ ತಿಂಗಳಿಗಿಂತ ಒಳ್ಳೆಯ ಸಮಯ ಇಲ್ಲ. ಹಲ್ಲು ಕೀಳಿಸಿದ ಗಾಯ ಮಾಯುವ ತನಕ ಹೇಗೂ ಊದುವಂತಿಲ್ಲ.

ಉಸಿರಿಗೆ ಮಲೆನಾಡಿನ ಮಳೆಗಾಲ ತಾನೇ ಸಾಮಗ್ರಿ ಒದಗಿಸುತ್ತದೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ಮೇಣದಬತ್ತಿ ಹಚ್ಚುತ್ತೇವಲ್ಲ, ಅದರ ಎದುರು ಒಂದು ಕೈಯಳತೆ ದೂರದಲ್ಲಿ ಕೂತು, ತುಟಿ ಕಿರಿದು ಮಾಡಿ ಸಣ್ಣಗೆ ಊದಬೇಕು. ಜ್ವಾಲೆ ಆರಬಾರದು, ನೆಟ್ಟಗೂ ಆಗಬಾರದು, ಒಂದೇ ಕೋನದಲ್ಲಿ ಬಾಗಿ ನಿಂತಿರಬೇಕು. ಉಸಿರು ಎಲ್ಲಿ ಅಲುಗುತ್ತದೆ ಎಂಬುದನ್ನು ಜ್ವಾಲೆ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಕೊಳಲಿನವರಿಗೆ ಇನ್ನೊಂದು ಕ್ರಮವಿದೆ: ಅಂಗೈ ಅಗಲದ ಕಾಗದದ ಚೂರನ್ನು ಗೋಡೆಗೆ ಹಿಡಿದು, ಕೈ ಬಿಟ್ಟು, ಬರೀ ಊದುಗಾಳಿಯಿಂದ ಅದು ಬೀಳದಂತೆ ನಿಲ್ಲಿಸುವುದು.

ಹಿಂದೆ ನಾಗಸ್ವರದ ಜೊತೆ ಶ್ರುತಿ ಊದುವವರೊಬ್ಬರು ಇರುತ್ತಿದ್ದರು. ಮೂಗಿನಲ್ಲಿ ಉಸಿರೆಳೆಯುತ್ತ, ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ಬಿಡುತ್ತ, ಸ್ವರ ಕಡಿಯದಂತೆ ಮದುವೆ ಮುಗಿಯುವವರೆಗೆ ಒಂದೇ ನಾದ ಹಿಡಿಯುತ್ತಿದ್ದರು. ಶ್ರುತಿ ಪೆಟ್ಟಿಗೆ ಬಂದು ಅವರ ಜಾಗ ಹೋಯಿತು, ಅವರೊಂದಿಗೆ ಆ ವಿದ್ಯೆಯೂ ತೆಳುವಾಯಿತು. ಪುಂಗಿಯವರಲ್ಲಿ ಇನ್ನೂ ಇದೆ. ಅದನ್ನು ಕಲಿಯಲು ಒಂದು ಚೊಂಬು ನೀರು, ಒಂದು ಸ್ಟ್ರಾ ಸಾಕು. ಪಪ್ಪಾಯಿ ಎಲೆಯ ಟೊಳ್ಳು ದಂಟಾದರೂ ನಡೆಯುತ್ತದೆ, ಹಾಲು ಸೋರಿಹೋಗುವಂತೆ ಚೆನ್ನಾಗಿ ತೊಳೆದುಕೊಂಡಿರಬೇಕು ಅಷ್ಟೆ. ನೀರಲ್ಲಿ ಗುಳ್ಳೆ ನಿಲ್ಲದಂತೆ ಊದುತ್ತಲೇ ಮೂಗಿನಲ್ಲಿ ಉಸಿರು ತೆಗೆದುಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ವಾದ್ಯ ಕೈಯಲ್ಲಿದ್ದಾಗ ಇಂಥದ್ದಕ್ಕೆ ಯಾರೂ ಸಮಯ ಕೊಡುವುದಿಲ್ಲ.

ಬೆರಳಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಾದ್ಯ ಕಳಿಸುವ ಮೊದಲು ರಂಧ್ರಗಳ ನಡುವಿನ ಅಂತರವನ್ನು ಒಂದು ಪಿವಿಸಿ ಪೈಪಿನ ತುಂಡಿನ ಮೇಲೆ ಗುರುತು ಹಾಕಿ, ಕಬ್ಬಿಣದ ಕಡ್ಡಿ ಕಾಯಿಸಿ ಚುಚ್ಚಿದರೆ ಬೆರಳಾಡಿಸುವ ಕೋಲು ಸಿದ್ಧ. ಅದು ನುಡಿಯಬೇಕಾಗಿಲ್ಲ. ಅಂಚುಗಳನ್ನು ಮರಳು ಕಾಗದದಿಂದ ನಯ ಮಾಡಿಕೊಂಡು, ಸರಳೆ, ಜಂಟಿ, ಅಲಂಕಾರಗಳನ್ನು ಬಾಯಲ್ಲಿ ಹಾಡುತ್ತ ಬೆರಳಲ್ಲಿ ನುಡಿಸಬೇಕು. ನಾಗಸ್ವರದಲ್ಲಿ ಬೆರಳಿಗೆ ಏಳು ರಂಧ್ರ. ಅರೆ ಮುಚ್ಚಿ, ಕಾಲು ಮುಚ್ಚಿ ಗಮಕ ತೆಗೆಯುವ ಸೂಕ್ಷ್ಮ ಬೆರಳ ತುದಿಯ ಚರ್ಮಕ್ಕೆ ನೆನಪಿರಬೇಕಾದರೆ ಆ ಚರ್ಮ ದಿನವೂ ಒಂದು ರಂಧ್ರದ ಅಂಚನ್ನು ಮುಟ್ಟುತ್ತಿರಬೇಕು.

ಹಾಡಿದ್ದು ಹೋಗುವುದಿಲ್ಲ

ಇಷ್ಟೆಲ್ಲ ದೇಹದ ಮಾತಾಯಿತು. ಸಂಗೀತದ ಮಾತಿಗೆ ಬಂದರೆ ಹಾಡಿದ್ದು ಹೋಗುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರಿಗಿಂತ ದೊಡ್ಡ ಉದಾಹರಣೆ ಇಲ್ಲ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರದ ಮನೆಯವರು. ತಂದೆ ತನಿಯಪ್ಪನವರೇ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಬೆನ್ನು ಹತ್ತಿದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡುಗಳಲ್ಲಿ ಬೆಳೆದ ಆ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಬೇಕಿತ್ತು. ಯಾರ ಹತ್ತಿರ ಕಲಿಯುವುದು? ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾಗಿ ಸಿಕ್ಕರು. ಟಿ.ವಿ.ಜಿ. ಹಾಡುಗಾರರು, ಮೃದಂಗ ವಿದ್ವಾಂಸರು, ಸ್ಯಾಕ್ಸೊಫೋನ್ ಊದಿದವರಲ್ಲ. ಎಂದರೆ ಗುರುವಿನ ಗಂಟಲಲ್ಲಿದ್ದುದು ಶಿಷ್ಯನ ಕಿವಿಗೆ ಬಂದು, ಅಲ್ಲಿಂದ ಉಸಿರಿಗೆ ಇಳಿದು, ಕಡೆಗೆ ವಾದ್ಯಕ್ಕೆ ಹೋಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ದು, 2004ರಲ್ಲಿ ಪದ್ಮಶ್ರೀ ಬಂದದ್ದು, ಎಲ್ಲಕ್ಕೂ ತಳಹದಿ ಆ ಹಾಡಿಕೆ. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಕರಾವಳಿಯಲ್ಲೂ ಘಟ್ಟದ ಮೇಲೂ ಇಂದು ಮದುವೆ ಚಪ್ಪರಗಳಲ್ಲಿ ಸ್ಯಾಕ್ಸೊಫೋನ್ ಕೇಳುತ್ತಿದೆ ಎಂದರೆ ಅದರ ಹಿಂದೆ ಅವರಿದ್ದಾರೆ.

ನಮ್ಮ ಸಂಗೀತಕ್ಕೆ ಇದೊಂದು ದೊಡ್ಡ ಅನುಕೂಲ. ವಾದ್ಯಕ್ಕೆಂದೇ ಬೇರೆ ಪಾಠ ಹೆಚ್ಚಿಲ್ಲ. ನುಡಿಸುವುದೆಲ್ಲವೂ ಹಾಡಲು ಬರುವಂಥದ್ದೇ. ಹಾಗಿರುವಾಗ ವಾದ್ಯ ಇಲ್ಲದ ತಿಂಗಳು ಎಂದರೆ ಹಾಡುವ ತಿಂಗಳು. ನಸುಕಿನಲ್ಲೆದ್ದು ಮಂದ್ರ ಸ್ಥಾಯಿಯಲ್ಲಿ ಅಕಾರ ಸಾಧಕ ಮಾಡಬೇಕು. ಕೃತಿಗಳ ಸಾಹಿತ್ಯವನ್ನು ಪೂರ್ತಿ ಕಲಿಯಬೇಕು. ವಾಲಗದವರಲ್ಲಿ ಹೆಚ್ಚಿನವರಿಗೆ ಪಲ್ಲವಿ, ಅನುಪಲ್ಲವಿಯ ಧಾಟಿ ಗೊತ್ತು, ಮಾತು ಗೊತ್ತಿಲ್ಲ. ಮಾತು ಗೊತ್ತಾದ ಮೇಲೆ ಉಸಿರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ, ಪದದ ನಡುವೆ ಉಸಿರೆಳೆಯುವ ದೋಷ ಹೋಗುತ್ತದೆ. ಬರೀ ಈ ಒಂದು ಕೆಲಸವಾದರೂ ಆ ತಿಂಗಳು ಸಾರ್ಥಕ.

ನಮ್ಮ ಅಕಾರ ಸಾಧಕದ ಹಾಗೆ ಪಾಶ್ಚಾತ್ಯರಲ್ಲೂ ದೀರ್ಘ ಸ್ವರದ ಸಾಧಕವೇ ಊದುವವರ ಬುನಾದಿ. ಫ್ರಾನ್ಸಿನ ಕೊಳಲು ವಾದಕ ಮಾರ್ಸೆಲ್ ಮೊಯ್ಸ್ 1934ರಲ್ಲಿ ನಾದದ ಬಗ್ಗೆಯೇ ಒಂದು ಅಭ್ಯಾಸ ಪುಸ್ತಕ ಬರೆದರು. ಅದರ ಮೊದಲ ಪಾಠವೇ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ನಾದ ಕೆಡದಂತೆ ಇಳಿಯುವುದು. ಇಂದಿಗೂ ಕೊಳಲು ಕಲಿಯುವವರು ಅದನ್ನು ಮಾಡುತ್ತಾರೆ.

ಯಕ್ಷಗಾನದವರು ಮಳೆಗಾಲವನ್ನು ನಿಭಾಯಿಸುವ ರೀತಿಯೂ ಇಲ್ಲಿ ನೆನಪಿಗೆ ಬರುತ್ತದೆ. ತಿರುಗಾಟ ಮುಗಿಯುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಸುಮ್ಮನಿರುವುದಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಜಗಲಿಯಲ್ಲಿ ಕೂತು ತಾಳಮದ್ದಳೆ ನಡೆಸುತ್ತಾರೆ. ಮಾತು ಹರಿತವಾಗುವುದು ಅಲ್ಲೇ. ಅಂದಹಾಗೆ, ಬಡಗುತಿಟ್ಟಿನ ಹಿಮ್ಮೇಳದಲ್ಲಿ ಹಿಂದೆ ಶ್ರುತಿಗೆ ಮುಖವೀಣೆ, ಪುಂಗಿಗಳಿದ್ದವು. ಹಾರ್ಮೋನಿಯಂ ಬಂದು ಅವು ಮೂಲೆ ಸೇರಿದವು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ವಯಲಿನ್ ಜೊತೆಗೆ ಸ್ಯಾಕ್ಸೊಫೋನನ್ನೂ ತಂದರು. ಅದರ ಬಗ್ಗೆ ಆಗ ಎದ್ದ ತಕರಾರುಗಳು ಏನೇ ಇರಲಿ, ಊದುವ ವಾದ್ಯದ ನಾದ ಈ ಮಣ್ಣಿನ ರಂಗಕ್ಕೆ ಹೊರಗಿನದಲ್ಲ ಎಂದು ಅವರಿಗೆ ಗೊತ್ತಿತ್ತು.

ಬಾಡಿಗೆಗೋ ಎರವಲಿಗೋ ಬೇರೆ ವಾದ್ಯ ತರುವವರಿದ್ದಾರೆ. ಮೊದಲೇ ಒಪ್ಪಿಕೊಂಡ ಕಾರ್ಯಕ್ರಮ ಇದ್ದರೆ ಬೇರೆ ದಾರಿಯೂ ಇಲ್ಲ. ಆದರೆ ಮೌತ್‌ಪೀಸ್, ಸೀವಾಳಿ ಮಾತ್ರ ತಮ್ಮದೇ ಇರಬೇಕು. ಇನ್ನೊಬ್ಬರ ಬಾಯಿಗೆ ಹೋದದ್ದನ್ನು ಬಳಸುವುದು ಶುಚಿಗೂ ಒಳ್ಳೆಯದಲ್ಲ, ಹಿಡಿತಕ್ಕೂ ಒಳ್ಳೆಯದಲ್ಲ. ನಾಗಸ್ವರದಲ್ಲಿ ಉದ್ದದ ಪಾರಿ ನುಡಿಸುವವರು ಗಿಡ್ಡ ತಿಮಿರಿ ತೆಗೆದುಕೊಂಡರೆ ರಂಧ್ರಗಳ ಅಂತರ, ಶ್ರುತಿ, ಊದುವ ಒತ್ತಡ ಎಲ್ಲವೂ ಬದಲಾಗುತ್ತದೆ. ಎರಡಕ್ಕೂ ಒಗ್ಗದ ಬೆರಳು ಕೊನೆಗೆ ತನ್ನ ವಾದ್ಯದಲ್ಲೂ ತಡವರಿಸುತ್ತದೆ.

ವಾದ್ಯ ವಾಪಸು ಬಂದ ದಿನದ ಉತ್ಸಾಹದ ಬಗ್ಗೆಯೂ ಎಚ್ಚರ ಬೇಕು. ಎಷ್ಟೇ ಪೆನ್ಸಿಲ್ ಹಿಡಿದಿದ್ದರೂ, ಸೀವಾಳಿ ಊದಿದ್ದರೂ, ಪೂರ್ತಿ ವಾದ್ಯದ ಗಾಳಿಯ ಎದುರೊತ್ತಡ ಬೇರೆಯೇ. ಮೊದಲ ದಿನ ಹದಿನೈದು ಇಪ್ಪತ್ತು ನಿಮಿಷ ಊದಿ ಇಳಿಸಿ, ಸ್ವಲ್ಪ ಬಿಟ್ಟು ಮತ್ತೆ ಊದಿ, ನಾಲ್ಕೈದು ದಿನಗಳಲ್ಲಿ ಏರಿಸಿಕೊಳ್ಳಬೇಕು. ಹೊಸ ಪ್ಯಾಡು ಹಾಕಿದ ಸ್ಯಾಕ್ಸೊಫೋನಿನಲ್ಲಿ ಕೀಲಿ ಬೇರೆ ಎತ್ತರಕ್ಕೆ ಏಳುತ್ತದೆ, ಸ್ವರ ಕೂದಲೆಳೆ ಅತ್ತಿತ್ತ ಆಗಿರಬಹುದು. ನಾಗಸ್ವರದಲ್ಲಿ ಕೆಳತುದಿಯ ರಂಧ್ರಗಳಿಗೆ ಮೇಣ ತುಂಬಿ ಶ್ರುತಿ ತಿದ್ದಿರುತ್ತಾರೆ. ಆ ಮೇಣ ಅಲುಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬಂದ ದಿನವೇ ಶ್ರುತಿ ಪೆಟ್ಟಿಗೆಯ ಎದುರು ಪರೀಕ್ಷಿಸಿ, ತಪ್ಪಿದ್ದರೆ ತಕ್ಷಣ ತಿಳಿಸಬೇಕು. ಶ್ರಾವಣದ ಮೊದಲ ಮುಹೂರ್ತದಲ್ಲಿ ಚಪ್ಪರದ ಕೆಳಗೆ ಕೂತಾಗ ಗೊತ್ತಾದರೆ ಪ್ರಯೋಜನವಿಲ್ಲ.

ಇದೆಲ್ಲ ಕಲಾವಿದ ತಾನೊಬ್ಬನೇ ಮಾಡಿಕೊಳ್ಳಬಹುದಾದ್ದು. ಊರು ಮಾಡಬೇಕಾದ್ದೂ ಇದೆ. ಈ ಭಾಗದಲ್ಲಿ ಮಂಗಳವಾದ್ಯವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಹೆಚ್ಚಾಗಿ ಸವಿತಾ ಸಮಾಜದ, ದೇವಾಡಿಗರ ಮನೆಗಳವರು. ಆ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ವಾದ್ಯ ಇರುವುದು ಅಪರೂಪವಲ್ಲ. ವಾದ್ಯ ಹೋಯಿತೆಂದರೆ ಸಂಪಾದನೆಯೂ ಹೋಯಿತು. ರಿಪೇರಿಯ ಖರ್ಚಿಗಿಂತ ಹೋಗಿ ಬರುವ ಖರ್ಚು, ಕಾದ ದಿನಗಳ ನಷ್ಟವೇ ದೊಡ್ಡದು. ವರದಹಳ್ಳಿಯಲ್ಲಿ ದತ್ತ ಜಯಂತಿ, ಚೈತ್ರದಲ್ಲಿ ಸ್ವಾಮಿಗಳ ಆರಾಧನೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆ. ಇಂಥ ಉತ್ಸವಗಳಿರುವ ನಾಡಿನಲ್ಲಿ ಊದುವ ವಾದ್ಯದ ಒಂದು ಪ್ಯಾಡ್ ಬದಲಿಸಲು ಘಟ್ಟ ಇಳಿಯಬೇಕೆ?

ಇಲ್ಲಿ ಕೈಗಳಿಗೆ ಬರವಿಲ್ಲ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ, ಶಿವನಿ ಮರದಲ್ಲಿ ಎಂಥ ನವುರಾದ ಕೆಲಸ ಮಾಡುತ್ತಾರೆ ಎಂಬುದು ದೇಶಕ್ಕೇ ಗೊತ್ತು. ಕೊಳವೆಯ ಬಿರುಕು ತುಂಬುವುದು, ನಾಗಸ್ವರದ ಕೆಳತುದಿಯ ಅಣಸು ಕೂರಿಸುವುದು, ಪ್ಯಾಡಿಗೆ ಅರಗು ಹಾಕುವುದು ಅಂಥ ಕೈಗಳಿಗೆ ಕಲಿಸಿದರೆ ಬಾರದ ವಿದ್ಯೆಯಲ್ಲ. ಹಳ್ಳಿಯಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರಿಗೆ ಸಾಗರ ತಾಲ್ಲೂಕಿನದೇ ಆದ ಹೆಗ್ಗೋಡು ಇದೆ. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಕಟ್ಟಿದ ನೀನಾಸಂ ಅಡಿಕೆ ತೋಟಗಳ ನಡುವೆಯೇ ನಾಟಕದ ಶಾಲೆಯಾಗಿ ಬೆಳೆದು ದೇಶದ ಗಮನ ಸೆಳೆಯಿತು.

ಆದ್ದರಿಂದ ಎರಡು ವಿನಂತಿ. ಕಲಾವಿದರು ವಾದ್ಯವನ್ನು ಪೂರ್ತಿ ಕೆಡುವ ತನಕ ಕಾಯದೆ, ಜ್ಯೇಷ್ಠದ ಕೊನೆಯ ಮುಹೂರ್ತ ಮುಗಿದ ವಾರವೇ ಕಳಿಸಲಿ. ಸೀವಾಳಿಯನ್ನು, ಮೌತ್‌ಪೀಸನ್ನು ಮನೆಯಲ್ಲಿಟ್ಟುಕೊಂಡು ದಿನವೂ ಊದಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸಂಗೀತ ಸಭೆಗಳು, ದೇವಸ್ಥಾನ ಸಮಿತಿಗಳು ಕೂಡಿ ಪ್ರತಿ ಆಷಾಢದಲ್ಲಿ ನಾಲ್ಕು ದಿನ ರಿಪೇರಿ ಬಲ್ಲವರನ್ನು ಇಲ್ಲಿಗೇ ಕರೆಸಲಿ, ಅವರ ಪಕ್ಕದಲ್ಲಿ ಆಸಕ್ತಿಯಿರುವ ನಾಲ್ಕು ಹುಡುಗರನ್ನು, ಹುಡುಗಿಯರನ್ನು ಕಲಿಯಲು ಕೂರಿಸಲಿ. ಜಾಗ ಕೊಡುವವರು, ಊಟ ಹಾಕುವವರು ಈ ಊರುಗಳಲ್ಲಿ ಎಂದೂ ಕಡಿಮೆಯಾದದ್ದಿಲ್ಲ. ಮುಂದಾಗಿ ಕರೆಯುವವರು ಬೇಕಾಗಿದ್ದಾರೆ.